ಬಿರುಗಾಳಿಗೆ ಹೆಸರಿಟ್ಟವನು

ಮನೆಯಲ್ಲಿ ಮಗು ಹುಟ್ಟಿದರೆ ಅದಕ್ಕೆ ಹೆಸರಿಡುತ್ತೇವೆ. ಊರಿಗೆ, ಕೆರೆಗೆ, ಬೆಟ್ಟಕ್ಕೆ, ಹೊಳೆಗೆ ಹೆಸರುಂಟು. ಕೊಟ್ಟಿಗೆಯ ಹಸುವಿಗೂ ಹೆಸರುಂಟು. ಹೆಸರಿರುವ ವಸ್ತುವನ್ನು ಗುರುತಿಸುವುದೂ ನೆನಪಿನಲ್ಲಿಡುವುದೂ ಅದರ ವಿಷಯವನ್ನು ಮತ್ತೊಬ್ಬರಿಗೆ ತಿಳಿಸುವುದೂ ಸುಲಭ. ಆದರೆ ಕಡಲಿನ ಮೇಲೆ ಹುಟ್ಟಿ, ಸಾವಿರಾರು ಕಿಲೋಮೀಟರು ಸಂಚರಿಸಿ, ಕೆಲವೇ ದಿನಗಳಲ್ಲಿ ಇಲ್ಲವಾಗುವ ಬಿರುಗಾಳಿಗೆ ಹೆಸರೇಕೆ? ವೆಸ್ಟ್ ಇಂಡೀಸ್ ದ್ವೀಪಗಳ ಜನರು ತಮ್ಮ ಊರುಗಳನ್ನು ಹಾಳುಗೆಡವಿದ ಬಿರುಗಾಳಿಯನ್ನು, ಅದು ಬೀಸಿದ ದಿನದ ಸಂತನ ಹೆಸರಿನಿಂದ ನೆನೆಯುತ್ತಿದ್ದುದುಂಟು. ಆದರೆ ಅದು ಅನಾಹುತವೆಲ್ಲ ಮುಗಿದ ಮೇಲೆ ಇಟ್ಟ ಹೆಸರು. ಬಿರುಗಾಳಿ ಇನ್ನೂ ಕಡಲಿನ ಮೇಲಿರುವಾಗಲೇ, ಅದು ದಡವನ್ನು ಮುಟ್ಟುವ ಮೊದಲೇ, ಅದಕ್ಕೆ ಹೆಸರಿಟ್ಟು ಜನರನ್ನು ಎಚ್ಚರಿಸುವ ಪದ್ಧತಿಯನ್ನು ಆರಂಭಿಸಿದವನು ಕ್ಲೆಮೆಂಟ್ ಲಿಂಡ್ಲೆ ರ‍್ಯಾಗ್ ಎಂಬ ಹವಾಮಾನ ಶಾಸ್ತ್ರಜ್ಞ. ಅವನ ಕಾಲದಲ್ಲಿ ಹಲವರು ಅದನ್ನು ಕಂಡು ನಕ್ಕರು. ಇಂದು ಲೋಕವೆಲ್ಲ ಆ ಪದ್ಧತಿಯನ್ನು ಅನುಸರಿಸುತ್ತಿದೆ.

ರ‍್ಯಾಗನ ಬಾಳಿನ ಕಥೆಯನ್ನು ತಿಳಿಯುವ ಮೊದಲು ಈ ಬಿರುಗಾಳಿಗಳ ಸ್ವರೂಪವನ್ನು ಅರಿಯಬೇಕು. ಉಷ್ಣವಲಯದ ಕಡಲಿನ ನೀರು ಸುಮಾರು 27 ಡಿಗ್ರಿ ಸೆಲ್ಸಿಯಸ್‌ನಷ್ಟು ಅಥವಾ ಅದಕ್ಕೂ ಹೆಚ್ಚು ಬೆಚ್ಚಗಾದಾಗ ಅದರ ಮೇಲಿನ ತೇವಗಾಳಿಯು ಮೇಲಕ್ಕೇರುತ್ತದೆ. ಅಲ್ಲಿ ಅದರ ಆವಿ ತಣಿದು ಮೋಡವಾಗುವಾಗ ಶಾಖ ಹೊರಬೀಳುತ್ತದೆ. ಆ ಶಾಖದಿಂದ ಗಾಳಿ ಇನ್ನಷ್ಟು ಮೇಲೇರುತ್ತದೆ. ಕೆಳಗೆ ವಾಯುಭಾರ ಕುಸಿಯುತ್ತದೆ. ಸುತ್ತಲಿನ ಗಾಳಿ ಆ ಕಡೆಗೆ ನುಗ್ಗಿಬರುತ್ತದೆ. ಭೂಮಿಯು ತನ್ನ ಅಕ್ಷದ ಮೇಲೆ ತಿರುಗುತ್ತಿರುವ ಕಾರಣ ಈ ಗಾಳಿ ನೇರವಾಗಿ ಸಾಗದೆ ಸುಳಿಯಾಗಿ ಸುತ್ತುತ್ತದೆ. ಉತ್ತರಾರ್ಧಗೋಳದಲ್ಲಿ ಸುಳಿಯು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿಯೂ ದಕ್ಷಿಣಾರ್ಧಗೋಳದಲ್ಲಿ ಮುಳ್ಳಿನ ದಿಕ್ಕಿನಲ್ಲಿಯೂ ತಿರುಗುತ್ತದೆ. ಪಶ್ಚಿಮ ಶಾಂತಸಾಗರದ ಉತ್ತರ ಭಾಗದಲ್ಲಿ ಇದನ್ನು ಟೈಫೂನ್ ಎನ್ನುತ್ತಾರೆ. ಅಟ್ಲಾಂಟಿಕ್ ಸಾಗರದಲ್ಲಿ ಹರಿಕೇನ್ ಎನ್ನುತ್ತಾರೆ. ನಮ್ಮ ಬಂಗಾಳ ಕೊಲ್ಲಿಯಲ್ಲಿಯೂ ಆಸ್ಟ್ರೇಲಿಯದ ಸುತ್ತಲಿನ ಕಡಲಿನಲ್ಲಿಯೂ ಇದು ಸೈಕ್ಲೋನ್. ಈ ಕೊನೆಯ ಪದವನ್ನು ಕಲ್ಕತ್ತೆಯಲ್ಲಿ ನೆಲೆಸಿದ್ದ ಹೆನ್ರಿ ಪಿಡಿಂಗ್ಟನ್ ಎಂಬುವನು 1848ರಲ್ಲಿ ಪ್ರಕಟಿಸಿದ ನಾವಿಕರ ಕೈಪಿಡಿಯಲ್ಲಿ ಬಳಕೆಗೆ ತಂದನು. ಹೆಸರು ಬೇರೆಯಾದರೂ ಗಾಳಿಯ ಜಾತಿ ಒಂದೇ.

ರ‍್ಯಾಗನು 1852ನೆಯ ಸೆಪ್ಟೆಂಬರ್ 18ರಂದು ಇಂಗ್ಲೆಂಡಿನ ಸ್ಟೌರ್‌ಬ್ರಿಜ್ ಎಂಬ ಊರಿನಲ್ಲಿ ಜನಿಸಿದನು. ಅವನ ತಂದೆ ನ್ಯಾಯವಾದಿ. ಕೂಸು ಇನ್ನೂ ತೊಟ್ಟಿಲಲ್ಲಿರುವಾಗಲೇ ತಾಯಿ ತೀರಿಕೊಂಡಳು. ಐದು ವರ್ಷ ತುಂಬುವಷ್ಟರಲ್ಲಿ ತಂದೆಯೂ ಇಲ್ಲವಾದನು. ತಬ್ಬಲಿಯಾದ ಮಗುವನ್ನು ಸ್ಟ್ಯಾಫರ್ಡ್‌ಷೈರಿನ ಹಳ್ಳಿಯೊಂದರಲ್ಲಿ ಅಜ್ಜಿ ಸಾಕಿದಳು. ಆಕೆ ತಿಳಿವಳಿಕೆಯುಳ್ಳ ಹೆಂಗಸು. ಮೊಮ್ಮಗನಿಗೆ ಆಕಾಶದ ನಕ್ಷತ್ರಗಳನ್ನು ತೋರಿಸಿ, ಮೋಡ ಮಳೆಗಳ ವಿಚಾರವನ್ನು ತಿಳಿಯಹೇಳಿದಳು. ಮುಂದೆ ಅವನ ಬಾಳನ್ನೆಲ್ಲ ಆವರಿಸಿದ ಆಸಕ್ತಿಗೆ ಬೀಜ ಬಿದ್ದುದು ಆ ಅಜ್ಜಿಯ ಮಡಿಲಿನಲ್ಲಿ.

ತಂದೆಯ ವೃತ್ತಿಯನ್ನೇ ಹಿಡಿಯಲೆಂದು ಬಂಧುಗಳು ರ‍್ಯಾಗನನ್ನು ಲಂಡನ್ನಿನಲ್ಲಿ ಕಾನೂನು ಓದಲು ಹಚ್ಚಿದರು. ಆದರೆ ಅವನ ಮನಸ್ಸು ಅಲ್ಲಿ ನಿಲ್ಲಲಿಲ್ಲ. ನೌಕಾಯಾನದ ವಿದ್ಯೆಯನ್ನು ಕಲಿತು, ದೇಶ ಸುತ್ತುವ ಹಂಬಲದಿಂದ ಹೊರಟನು. ಈಜಿಪ್ಟ್, ಆಸ್ಟ್ರೇಲಿಯ, ಅಮೆರಿಕ ಮುಂತಾದ ನಾಡುಗಳನ್ನು ಕಂಡನು. 1876ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಭೂಮಾಪನ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದನು. ಬಯಲಿನಲ್ಲಿ ಡೇರೆ ಹೂಡಿ ಬಾಳುವ ಆ ಕೆಲಸದಲ್ಲಿ ಗಾಳಿ, ಬಿಸಿಲು, ಮಳೆಗಳು ಅವನಿಗೆ ದಿನದ ಒಡನಾಡಿಗಳಾದವು. ಮರುವರ್ಷ ಲಿಯೊನೋರಾ ಎಂಬಾಕೆಯನ್ನು ಮದುವೆಯಾದನು. 1878ರಲ್ಲಿ ದಂಪತಿಗಳು ಇಂಗ್ಲೆಂಡಿಗೆ ಮರಳಿದರು.

ಆ ಕಾಲದಲ್ಲಿ ಸ್ಕಾಟ್ಲೆಂಡಿನ ಹವಾಮಾನ ಸಂಘದವರು ಬ್ರಿಟನ್ನಿನ ಅತ್ಯಂತ ಎತ್ತರದ ಶಿಖರವಾದ ಬೆನ್ ನೆವಿಸ್ ಮೇಲೆ ವೀಕ್ಷಣಾಲಯವೊಂದನ್ನು ಕಟ್ಟಬೇಕೆಂದು ಬಯಸಿದ್ದರು. ಅದಕ್ಕೆ ಬೇಕಾದ ಹಣವಿರಲಿಲ್ಲ. ಕಟ್ಟಡ ಏಳುವವರೆಗೆ ತಾನೇ ದಿನವೂ ಶಿಖರವನ್ನೇರಿ ಅಳತೆಗಳನ್ನು ಬರೆದುಕೊಂಡು ಬರುವುದಾಗಿ ರ‍್ಯಾಗನು ಮುಂದೆ ಬಂದನು. ಆ ಬೆಟ್ಟದ ಎತ್ತರ 1,345 ಮೀಟರು. ಕಡಲ ದಡದ ಫೋರ್ಟ್ ವಿಲಿಯಂ ಎಂಬ ಊರಿನಿಂದ ಹತ್ತಬೇಕು. ದಾರಿ ಕಲ್ಲುಮುಳ್ಳಿನದು, ಮೇಲೆ ಹೋದಂತೆ ಮಂಜು, ಮಳೆ, ಹಿಮ. 1881ನೆಯ ಜೂನ್ 1ರಿಂದ ಅಕ್ಟೋಬರ್ ತಿಂಗಳ ನಡುವಿನವರೆಗೆ ಅವನು ಪ್ರತಿದಿನವೂ ನಸುಕಿನಲ್ಲಿ ಎದ್ದು ಶಿಖರವನ್ನೇರಿದನು. ವಾಯುಭಾರ, ಉಷ್ಣತೆ, ತೇವಾಂಶ, ಗಾಳಿಯ ದಿಕ್ಕು, ಮೋಡಗಳ ಬಗೆ ಇವೆಲ್ಲವನ್ನೂ ಗುರುತು ಹಾಕಿಕೊಂಡು ಮಧ್ಯಾಹ್ನದ ವೇಳೆಗೆ ಇಳಿದು ಬರುತ್ತಿದ್ದನು.

ಈ ಕೆಲಸದಲ್ಲಿ ಅವನ ಹೆಂಡತಿಯ ಪಾಲು ಕಡಿಮೆಯದಲ್ಲ. ಅವನು ಶಿಖರದ ಮೇಲೆ ಯಾವ ಗಳಿಗೆಯಲ್ಲಿ ಅಳತೆ ತೆಗೆದುಕೊಳ್ಳುತ್ತಿದ್ದನೋ ಅದೇ ಗಳಿಗೆಯಲ್ಲಿ ಆಕೆ ಕೆಳಗೆ ಕಡಲಮಟ್ಟದಲ್ಲಿ ಅಳತೆ ತೆಗೆದುಕೊಳ್ಳುತ್ತಿದ್ದಳು. ಒಂದೇ ಸಮಯದಲ್ಲಿ ಮೇಲೆಯೂ ಕೆಳಗೆಯೂ ವಾಯುಮಂಡಲ ಹೇಗಿದೆ ಎಂಬುದನ್ನು ಹೋಲಿಸಿದರೆ ಮಾತ್ರ ಬರಲಿರುವ ಗಾಳಿಯ ಗುಟ್ಟು ತಿಳಿಯುತ್ತದೆ ಎಂಬುದು ರ‍್ಯಾಗನ ನಂಬಿಕೆಯಾಗಿತ್ತು. ವಿಮಾನವಾಗಲಿ ಉಪಗ್ರಹವಾಗಲಿ ಇಲ್ಲದ ಆ ದಿನಗಳಲ್ಲಿ ಬೆಟ್ಟದ ಶಿಖರವೇ ಆಕಾಶಕ್ಕೆ ಹಾಕಿದ ಏಣಿ. ಈ ಸಾಧನೆಗಾಗಿ ಸಂಘವು ಅವನಿಗೆ ಚಿನ್ನದ ಪದಕವನ್ನಿತ್ತು ಗೌರವಿಸಿತು. ಮರುವರ್ಷವೂ ಸಹಾಯಕರ ನೆರವಿನಿಂದ ಅವನು ಈ ಕೆಲಸವನ್ನು ಮುಂದುವರಿಸಿದನು. ಜನರು ಇದನ್ನು ಮೆಚ್ಚಿ ಚಂದಾ ಕೊಟ್ಟರು. 1883ರಲ್ಲಿ ಶಿಖರದ ಮೇಲೆ ವೀಕ್ಷಣಾಲಯ ತಲೆಯೆತ್ತಿತು. ಅದರ ಮುಖ್ಯಾಧಿಕಾರಿಯ ಹುದ್ದೆಗೆ ರ‍್ಯಾಗನೂ ಅರ್ಜಿ ಹಾಕಿದನು. ಆದರೆ ಆ ಹುದ್ದೆ ಬೇರೊಬ್ಬನ ಪಾಲಾಯಿತು. ಬೆವರು ಸುರಿಸಿದವನೊಬ್ಬ, ಫಲ ಉಂಡವನೊಬ್ಬ ಎಂಬಂತಾಯಿತು.

ನೊಂದ ರ‍್ಯಾಗನು ಆಸ್ಟ್ರೇಲಿಯಕ್ಕೆ ಮರಳಿದನು. ಅಡಿಲೇಡ್ ನಗರದ ಬಳಿ ಸ್ವಂತ ವೀಕ್ಷಣಾಲಯವನ್ನು ಸ್ಥಾಪಿಸಿದನು. ಸಮೀಪದ ಮೌಂಟ್ ಲಾಫ್ಟಿ ಶಿಖರದ ಮೇಲೆಯೂ ಉಪಕರಣಗಳನ್ನು ಇರಿಸಿದನು. ಅವನ ಶ್ರದ್ಧೆಯ ಸುದ್ದಿ ಈಶಾನ್ಯ ಭಾಗದಲ್ಲಿದ್ದ ಕ್ವೀನ್ಸ್‌ಲೆಂಡ್ ವಸಾಹತಿನ ಸರ್ಕಾರಕ್ಕೆ ಮುಟ್ಟಿತು. ಆ ನಾಡಿನ ಉದ್ದವಾದ ಕರಾವಳಿ ಶಾಂತಸಾಗರದ ಅಂಗವಾದ ಹವಳದ ಕಡಲಿಗೆ ಮೈಯೊಡ್ಡಿದೆ. ಬೇಸಿಗೆಯಲ್ಲಿ, ಎಂದರೆ ನಮ್ಮಲ್ಲಿ ಚಳಿಗಾಲವಿರುವ ತಿಂಗಳುಗಳಲ್ಲಿ, ಅಲ್ಲಿ ಚಂಡಮಾರುತಗಳು ಏಳುತ್ತವೆ. ಹವಳದ ಬಂಡೆಗಳ ನಡುವೆ ಸಾಗುವ ಹಡಗುಗಳಿಗೆ ಅವು ಮೃತ್ಯುಸಮಾನ. 1887ನೆಯ ಜನವರಿಯಲ್ಲಿ ರ‍್ಯಾಗನು ಕ್ವೀನ್ಸ್‌ಲೆಂಡ್ ಸರ್ಕಾರದ ಹವಾಮಾನ ಶಾಸ್ತ್ರಜ್ಞನಾಗಿ ನೇಮಕಗೊಂಡು ಬ್ರಿಸ್ಬೇನ್ ನಗರಕ್ಕೆ ಬಂದನು. ಆಗ ಅವನಿಗೆ ಮೂವತ್ತನಾಲ್ಕು ವರ್ಷ.

ಬಿರುಗಾಳಿಯನ್ನು ಕಣ್ಣಿನಿಂದ ಕಾಣದೆ ಅದರ ಜಾಡನ್ನು ಹಿಡಿಯುವುದು ಹೇಗೆ? ರ‍್ಯಾಗನ ಬಳಿಯಿದ್ದ ಸಾಧನಗಳು ಎರಡೇ: ವಾಯುಭಾರಮಾಪಕ ಮತ್ತು ತಂತಿ. ಅವನು ಕ್ವೀನ್ಸ್‌ಲೆಂಡಿನ ಉದ್ದಗಲಕ್ಕೂ ವೀಕ್ಷಣಾ ಕೇಂದ್ರಗಳನ್ನು ತೆರೆದನು. ಗೊತ್ತಾದ ಹೊತ್ತಿನಲ್ಲಿ ಅಲ್ಲಿನವರು ಅಳತೆಗಳನ್ನು ತೆಗೆದು ತಂತಿಯ ಮೂಲಕ ಬ್ರಿಸ್ಬೇನಿಗೆ ಕಳುಹಿಸುತ್ತಿದ್ದರು. ಅವನು ಅವನ್ನೆಲ್ಲ ಭೂಪಟದ ಮೇಲೆ ಬರೆದು, ಸಮನಾದ ವಾಯುಭಾರವಿರುವ ಸ್ಥಳಗಳನ್ನು ಗೆರೆಗಳಿಂದ ಕೂಡಿಸುತ್ತಿದ್ದನು. ಗೆರೆಗಳು ಉಂಗುರದಂತೆ ಒಂದರೊಳಗೊಂದು ಒತ್ತೊತ್ತಾಗಿ ಕುಳಿತರೆ ಅಲ್ಲಿ ಚಂಡಮಾರುತವಿದೆ ಎಂದು ಅರ್ಥ. ದಕ್ಷಿಣಾರ್ಧಗೋಳದಲ್ಲಿ ಗಾಳಿಗೆ ಬೆನ್ನುಕೊಟ್ಟು ನಿಂತರೆ ಕಡಿಮೆ ವಾಯುಭಾರದ ಕೇಂದ್ರವು ಬಲಗಡೆಗೆ ಇರುತ್ತದೆ, ಉತ್ತರಾರ್ಧಗೋಳದಲ್ಲಿ ಎಡಗಡೆಗೆ. ಈ ನಿಯಮದ ನೆರವಿನಿಂದ ಕೇಂದ್ರವು ಕಡಲಿನ ಮೇಲೆ ಯಾವ ದಿಕ್ಕಿನಲ್ಲಿದೆ ಎಂದು ಊಹಿಸಬಹುದು. ನಿನ್ನೆಯ ಪಟವನ್ನೂ ಇಂದಿನ ಪಟವನ್ನೂ ಹೋಲಿಸಿದರೆ ಅದು ಎತ್ತ ಸಾಗುತ್ತಿದೆ ಎಂಬುದು ಹೊಳೆಯುತ್ತದೆ. ಗಾಳಿಗೆ ವಸಾಹತುಗಳ ಗಡಿಯ ಹಂಗಿಲ್ಲವಷ್ಟೆ. ಆದ್ದರಿಂದ ರ‍್ಯಾಗನು ಕ್ವೀನ್ಸ್‌ಲೆಂಡಿಗೆ ಮಾತ್ರವಲ್ಲದೆ ಇಡೀ ಆಸ್ಟ್ರೇಲಿಯಕ್ಕೂ ಸುತ್ತಲಿನ ಕಡಲಿಗೂ ಮುನ್ಸೂಚನೆಗಳನ್ನು ಹೊರಡಿಸತೊಡಗಿದನು. ಇತರ ವಸಾಹತುಗಳ ಅಧಿಕಾರಿಗಳಿಗೆ ಇದು ಅಧಿಕಪ್ರಸಂಗವೆಂದು ತೋರಿತು.

ಮುನ್ಸೂಚನೆಯನ್ನು ಬರೆಯುವಾಗ ರ‍್ಯಾಗನಿಗೆ ಒಂದು ತೊಡಕು ಎದುರಾಯಿತು. ಒಂದು ಚಂಡಮಾರುತ ಉತ್ತರದ ದಡದ ಬಳಿ ಇರುವಾಗಲೇ ಮತ್ತೊಂದು ದೂರದ ಕಡಲಿನಲ್ಲಿ ಏಳಬಹುದು. ಪ್ರತಿಸಲವೂ ಅಕ್ಷಾಂಶ ರೇಖಾಂಶಗಳನ್ನು ಹೇಳಿದರೆ ಹಡಗಿನ ಕಪ್ತಾನನಿಗೆ ಅದು ತಿಳಿದೀತು. ಆದರೆ ಪತ್ರಿಕೆಯನ್ನು ಓದುವ ರೈತನಿಗೂ ಬೆಸ್ತನಿಗೂ ಅಂಗಡಿಯವನಿಗೂ ಅದು ಬರಿಯ ಅಂಕೆಗಳ ರಾಶಿ. ನಿನ್ನೆ ಹೇಳಿದ ಗಾಳಿ ಇದೇಯೋ ಬೇರೆಯೋ ಎಂಬ ಗೊಂದಲ ಬೇರೆ. ಇದಕ್ಕೆ ಪರಿಹಾರವಾಗಿ ಅವನು ಪ್ರತಿಯೊಂದು ಚಂಡಮಾರುತಕ್ಕೂ ಒಂದೊಂದು ಹೆಸರಿಡಲು ನಿರ್ಧರಿಸಿದನು. ಮೊದಲು ಗ್ರೀಕ್ ವರ್ಣಮಾಲೆಯ ಅಕ್ಷರಗಳನ್ನು ಬಳಸಿದನು. ಅವು ಮುಗಿದ ಬಳಿಕ ಪುರಾಣ ಮತ್ತು ಚರಿತ್ರೆಯ ಹೆಸರುಗಳತ್ತ ತಿರುಗಿದನು. ಪುರಾತನ ಪರ್ಷಿಯದ ದೊರೆ ಜರ್ಕ್ಸೀಸ್, ಕಾರ್ಥೇಜಿನ ಸೇನಾಪತಿ ಹ್ಯಾನಿಬಾಲ್ ಮೊದಲಾದವರು ಅವನ ಪಟದ ಮೇಲೆ ಬಿರುಗಾಳಿಗಳಾಗಿ ಮತ್ತೆ ಹುಟ್ಟಿದರು. ಶಾಂತಸಾಗರದ ಪಾಲಿನೇಷಿಯ ದ್ವೀಪಗಳ ಹೆಣ್ಣುಮಕ್ಕಳ ಇಂಪಾದ ಹೆಸರುಗಳನ್ನೂ ಅವನು ಆರಿಸಿಕೊಂಡನು.

ರ‍್ಯಾಗನದು ತುಂಟತನವೂ ಮುಂಗೋಪವೂ ಬೆರೆತ ಸ್ವಭಾವ. ತನ್ನ ಕೆಲಸಕ್ಕೆ ನೆರವಾಗದ ರಾಜಕಾರಣಿಗಳ ಮೇಲೆ ಅವನಿಗೆ ಸಿಟ್ಟು ಬಂದಾಗ ಅವರ ಹೆಸರುಗಳನ್ನೇ ಬಿರುಗಾಳಿಗಳಿಗೆ ಇಟ್ಟುಬಿಟ್ಟನು. ಆಸ್ಟ್ರೇಲಿಯದ ಮೊದಲ ಇಬ್ಬರು ಪ್ರಧಾನಮಂತ್ರಿಗಳಾದ ಬಾರ್ಟನ್ ಮತ್ತು ಡೀಕಿನ್ ಇಬ್ಬರಿಗೂ ಈ ಮರ್ಯಾದೆ ಸಂದಿತು. ಗೊತ್ತುಗುರಿಯಿಲ್ಲದೆ ಅಲೆಯುತ್ತಿರುವ, ಹೋದಲ್ಲೆಲ್ಲ ಹಾನಿ ಮಾಡುತ್ತಿರುವ ಗಾಳಿಗೆ ಮಂತ್ರಿಯೊಬ್ಬನ ಹೆಸರಿದ್ದರೆ ಅದರ ವಾರ್ತೆಯನ್ನು ಓದುವ ಜನ ನಗದೆ ಇರುವರೇ? ಕ್ಲೆಮೆಂಟ್ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಸೌಮ್ಯ ಎಂಬ ಅರ್ಥವಿದೆ. ಅದರ ವಿರುದ್ಧಪದವಾದ ಇನ್‌ಕ್ಲೆಮೆಂಟ್ ಎಂಬುದು ಕೆಟ್ಟ ಹವೆಗೆ ಬಳಸುವ ಮಾತು. ಜನರು ಅವನನ್ನು ಇನ್‌ಕ್ಲೆಮೆಂಟ್ ರ‍್ಯಾಗ್ ಎಂದೇ ಕರೆದು ಸೇಡು ತೀರಿಸಿಕೊಂಡರು. ನಗೆಯ ನಡುವೆಯೂ ಒಂದು ಕೆಲಸ ಆಗಿಹೋಯಿತು. ಹಿಂದೆ ಯಾರೂ ಗಮನಿಸದಿದ್ದ ಹವಾಮಾನ ವಾರ್ತೆಯನ್ನು ಈಗ ಜನ ಹುಡುಕಿ ಓದತೊಡಗಿದರು.

ಆದರೆ ಬಿರುಗಾಳಿ ನಗೆಯ ವಸ್ತುವಲ್ಲ. 1893ನೆಯ ಫೆಬ್ರವರಿಯಲ್ಲಿ ಕ್ವೀನ್ಸ್‌ಲೆಂಡಿನ ದಡಕ್ಕೆ ಚಂಡಮಾರುತಗಳು ಒಂದರ ಹಿಂದೊಂದು ಬಂದವು. ಬ್ರಿಸ್ಬೇನ್ ನದಿ ಒಂದೇ ತಿಂಗಳಿನಲ್ಲಿ ಮೂರು ಸಲ ಉಕ್ಕಿ ನಗರವನ್ನು ಮುಳುಗಿಸಿತು. ನಗರದ ಎರಡು ಭಾಗಗಳನ್ನು ಕೂಡಿಸುತ್ತಿದ್ದ ವಿಕ್ಟೋರಿಯ ಸೇತುವೆ ಕೊಚ್ಚಿಹೋಯಿತು. ಆ ದಿನಗಳಲ್ಲಿ ಕ್ರೊಹಾಮ್‌ಹರ್ಸ್ಟ್ ಎಂಬ ಸ್ಥಳದಲ್ಲಿ ಒಂದೇ ದಿನ 907 ಮಿಲಿಮೀಟರು ಮಳೆ ಬಿದ್ದುದು ದಾಖಲೆಯಾಗಿದೆ. ಆ ಮಳೆಯನ್ನು ಅಳೆದವನು ಇನಿಗೊ ಜೋನ್ಸ್ ಎಂಬ ತರುಣ. ಅವನು ರ‍್ಯಾಗನ ಕಚೇರಿಯಲ್ಲಿ ಕೆಲಸ ಕಲಿತವನು. ಗುರು ಹಾಕಿಕೊಟ್ಟ ಶಿಸ್ತಿನ ಫಲವಾಗಿ ಅಂಥ ಪ್ರಳಯದ ನಡುವೆಯೂ ಅಳತೆ ತಪ್ಪಲಿಲ್ಲ.

ಇನ್ನೂ ದಾರುಣವಾದ ಘಟನೆ ನಡೆದುದು 1899ರಲ್ಲಿ. ಕ್ವೀನ್ಸ್‌ಲೆಂಡಿನ ಉತ್ತರ ತುದಿಯ ಬಾಥರ್ಸ್ಟ್ ಕೊಲ್ಲಿಯಲ್ಲಿ ಮುತ್ತಿನ ಚಿಪ್ಪುಗಳನ್ನು ತೆಗೆಯುವ ಹಾಯಿದೋಣಿಗಳ ದೊಡ್ಡ ಪಡೆಯೊಂದು ಲಂಗರು ಹಾಕಿತ್ತು. ಜಪಾನ್, ಮಲಯ ಮತ್ತು ಶಾಂತಸಾಗರದ ದ್ವೀಪಗಳಿಂದ ಹೊಟ್ಟೆಪಾಡಿಗಾಗಿ ಬಂದಿದ್ದ ನೂರಾರು ಮಂದಿ ಮುಳುಗುಗಾರರೂ ನಾವಿಕರೂ ಅವುಗಳಲ್ಲಿದ್ದರು. ಮಾರ್ಚ್ 4ರ ರಾತ್ರಿ ಅವರ ಮೇಲೆ ಭೀಕರ ಚಂಡಮಾರುತ ಎರಗಿತು. ರ‍್ಯಾಗನು ಅದಕ್ಕೆ ಇಟ್ಟಿದ್ದ ಹೆಸರು ಮಹೀನ. ಪಾಲಿನೇಷಿಯದ ಹಲವು ಭಾಷೆಗಳಲ್ಲಿ ಆ ಪದಕ್ಕೆ ಚಂದ್ರ ಎಂಬ ಅರ್ಥವಿದೆ. ಹೆಸರು ತಂಪಾದರೂ ಗಾಳಿ ಯಮಸ್ವರೂಪಿಯಾಗಿತ್ತು. ಬೆಳಗಾಗುವಷ್ಟರಲ್ಲಿ ಐವತ್ತಕ್ಕೂ ಹೆಚ್ಚು ಹಾಯಿದೋಣಿಗಳು ನಾಶವಾಗಿದ್ದವು. ಮುನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡಿದ್ದರು. ದಡದಲ್ಲಿದ್ದ ಮೂಲನಿವಾಸಿಗಳೂ ಉಕ್ಕಿಬಂದ ಕಡಲಿಗೆ ಬಲಿಯಾದರು. ಆಸ್ಟ್ರೇಲಿಯದ ಚರಿತ್ರೆಯಲ್ಲಿ ಇಷ್ಟು ಜನರನ್ನು ಬಲಿ ತೆಗೆದುಕೊಂಡ ಚಂಡಮಾರುತ ಇನ್ನೊಂದಿಲ್ಲ.

ಹೆಸರಿಟ್ಟ ಮಾತ್ರಕ್ಕೆ ಬಿರುಗಾಳಿ ನಿಲ್ಲುವುದಿಲ್ಲ ಎಂಬ ಕಹಿಸತ್ಯವನ್ನು ಮಹೀನ ತೋರಿಸಿಕೊಟ್ಟಿತು. ತಂತಿಯ ಕಂಬಗಳು ದಡದ ಊರುಗಳವರೆಗೆ ಮಾತ್ರ ಇದ್ದವು. ಕಡಲಿನಲ್ಲಿದ್ದ ದೋಣಿಗಳಿಗೆ ವಾರ್ತೆ ಮುಟ್ಟಿಸುವ ಯಾವ ಉಪಾಯವೂ ಅಂದು ಇರಲಿಲ್ಲ. ಹಡಗುಗಳಿಗೆ ನಿಸ್ತಂತು ವಾರ್ತೆ ಬಂದುದು ಆಮೇಲೆ. ಎಚ್ಚರಿಕೆಯೆಂಬುದು ಒಂದು ಸರಪಳಿಯಂತೆ. ಅಳೆಯುವವನು, ಲೆಕ್ಕ ಹಾಕುವವನು, ಸುದ್ದಿ ಸಾಗಿಸುವವನು, ಕೇಳಿ ನಡೆಯುವವನು ಇವರೆಲ್ಲರೂ ಅದರ ಕೊಂಡಿಗಳು. ಒಂದು ಕೊಂಡಿ ಕಳಚಿದರೂ ಸರಪಳಿ ನಿರುಪಯುಕ್ತ.

ಈ ನಡುವೆ ರ‍್ಯಾಗನು ಬೆನ್ ನೆವಿಸ್ ಶಿಖರದ ಪಾಠವನ್ನು ಮರೆತಿರಲಿಲ್ಲ. 1897ನೆಯ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಅತ್ಯುನ್ನತ ಶಿಖರವಾದ, 2,228 ಮೀಟರು ಎತ್ತರದ ಕಾಸಿಯಸ್ಕೊ ಬೆಟ್ಟದ ಮೇಲೆ ವೀಕ್ಷಣಾಲಯವನ್ನು ಸ್ಥಾಪಿಸಿದನು. ಅದಕ್ಕೆ ಜೊತೆಯಾಗಿ ಕಡಲತೀರದ ಮೆರಿಂಬುಲ ಎಂಬಲ್ಲಿ ಇನ್ನೊಂದು ಕೇಂದ್ರವನ್ನು ತೆರೆದನು. ಮೊದಲು ಡೇರೆಯಲ್ಲಿ, ಅನಂತರ ಮರದ ಗುಡಿಸಲಿನಲ್ಲಿ ಅವನ ಸಹಾಯಕರು ಹಿಮದ ನಡುವೆ ಚಳಿಗಾಲಗಳನ್ನು ಕಳೆದು ಅಳತೆಗಳನ್ನು ಬರೆದಿಟ್ಟರು. ಹಣದ ನೆರವು ನಿಂತುದರಿಂದ 1902ರಲ್ಲಿ ಆ ವೀಕ್ಷಣಾಲಯವನ್ನು ಮುಚ್ಚಬೇಕಾಯಿತು.

ಅದೇ ವರ್ಷ ಅವನ ಕೀರ್ತಿಗೆ ಮತ್ತೊಂದು ಪೆಟ್ಟು ಬಿದ್ದಿತು. ಆಸ್ಟ್ರೇಲಿಯದ ಒಳನಾಡು ಹಲವು ವರ್ಷಗಳಿಂದ ಘೋರ ಬರಗಾಲದಲ್ಲಿ ಬೆಂದಿತ್ತು. ಕುರಿಗಳೂ ದನಗಳೂ ಲಕ್ಷಗಟ್ಟಲೆ ಸತ್ತವು. ಯುರೋಪಿನ ಆಸ್ಟ್ರಿಯ ದೇಶದಲ್ಲಿ ದ್ರಾಕ್ಷಿತೋಟಗಳನ್ನು ಆಲಿಕಲ್ಲಿನಿಂದ ಕಾಪಾಡಲು ಆಕಾಶದತ್ತ ಹಾರಿಸುತ್ತಿದ್ದ ಆಲಿಕೆಯಾಕಾರದ ಫಿರಂಗಿಗಳನ್ನು ರ‍್ಯಾಗನು ಕಂಡಿದ್ದನು. ಅಂಥ ಫಿರಂಗಿಗಳಿಂದ ಮೋಡಗಳನ್ನು ಕದಡಿ ಮಳೆ ತರಿಸಬಹುದೆಂದು ಅವನು ನಂಬಿದನು. 1902ನೆಯ ಸೆಪ್ಟೆಂಬರ್ 26ರಂದು ಚಾರ್ಲ್‌ವಿಲ್ ಎಂಬ ಊರಿನಲ್ಲಿ ಆರು ಫಿರಂಗಿಗಳು ಗುಡುಗಿದವು. ಆಕಾಶದಿಂದ ಮಳೆ ಬೀಳಲಿಲ್ಲ. ಜನರ ನಂಬಿಕೆ ಕುಸಿಯಿತು. ಮೇಧಾವಿಗಳೂ ತಪ್ಪುವುದುಂಟು. ತನ್ನ ಮುನ್ಸೂಚನೆಗಳಲ್ಲಿ ರ‍್ಯಾಗನು ಅಳತೆಯನ್ನು ನಂಬಿ ನಡೆದನು. ಫಿರಂಗಿಯ ವಿಷಯದಲ್ಲಿ ಆಸೆಯನ್ನು ನಂಬಿ ನಡೆದನು. ಎರಡಕ್ಕೂ ಇರುವ ಅಂತರವನ್ನು ಆ ದಿನ ಎಲ್ಲರೂ ಕಂಡರು.

ಸರ್ಕಾರವು ಅವನ ಇಲಾಖೆಗೆ ಕೊಡುತ್ತಿದ್ದ ಹಣವನ್ನು ಕಡಿತ ಮಾಡಿತು. 1903ರಲ್ಲಿ ರ‍್ಯಾಗನು ರಾಜೀನಾಮೆಯಿತ್ತು ಹೊರಬಂದನು. ಆರು ವಸಾಹತುಗಳು 1901ರಲ್ಲಿ ಒಂದಾಗಿ ಆಸ್ಟ್ರೇಲಿಯ ಒಕ್ಕೂಟವಾಗಿದ್ದವು. ಇಡೀ ದೇಶಕ್ಕೆ ಒಂದೇ ಹವಾಮಾನ ಇಲಾಖೆ ಬೇಕೆಂದು ಮೊದಲಿನಿಂದಲೂ ವಾದಿಸಿದವರಲ್ಲಿ ಅವನು ಪ್ರಮುಖ. 1908ರಲ್ಲಿ ಅಂಥ ಇಲಾಖೆ ಕೆಲಸ ಆರಂಭಿಸಿತು. ಆದರೆ ಅದರ ಮುಖ್ಯಸ್ಥನ ಪೀಠ ನ್ಯೂ ಸೌತ್ ವೇಲ್ಸಿನ ಹೆನ್ರಿ ಹಂಟ್ ಎಂಬುವನಿಗೆ ದೊರೆಯಿತು. ಬೆನ್ ನೆವಿಸ್ ಶಿಖರದ ಮೇಲೆ ನಡೆದ ಕಥೆಯೇ ಮತ್ತೊಮ್ಮೆ ನಡೆದಂತಾಯಿತು. ಅವನ ಕಟುವಾದ ನಾಲಗೆಯೂ ಇದಕ್ಕೆ ಸ್ವಲ್ಪಮಟ್ಟಿಗೆ ಕಾರಣವಾಗಿರಬಹುದು. ಬಿರುಗಾಳಿಗಳಿಗೆ ಹೆಸರಿಡುವ ಪದ್ಧತಿಯೂ ಅವನೊಡನೆಯೇ ಕಚೇರಿಯಿಂದ ಹೊರನಡೆಯಿತು.

ಮುಂದೆ ರ‍್ಯಾಗನು ಉಪನ್ಯಾಸಗಳನ್ನು ನೀಡುತ್ತ ದೇಶದೇಶಗಳನ್ನು ಸುತ್ತಿದನು. 1908ರಲ್ಲಿ ನಮ್ಮ ಭಾರತಕ್ಕೂ ಬಂದಿದ್ದನು. 1910ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಬಳಿ ನೆಲೆಸಿ, ಅಲ್ಲಿ ವಸ್ತುಸಂಗ್ರಹಾಲಯವನ್ನೂ ಉಷ್ಣವಲಯದ ಗಿಡಮರಗಳ ತೋಟವನ್ನೂ ಬೆಳೆಸಿದನು. 1922ನೆಯ ಡಿಸೆಂಬರ್ 10ರಂದು, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ, ಅಲ್ಲಿಯೇ ಕಾಲವಾದನು. ಆ ವೇಳೆಗೆ ಶಾಂತಸಾಗರದ ಬಿರುಗಾಳಿಗಳು ಮತ್ತೆ ಹೆಸರಿಲ್ಲದ ಗಾಳಿಗಳಾಗಿದ್ದವು.

ಒಳ್ಳೆಯ ವಿಚಾರ ನೆಲದಲ್ಲಿ ಬಿದ್ದ ಬೀಜದಂತೆ. ಮಳೆ ಬಂದಾಗ ಅದು ಮೊಳೆಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕೆಗಳೂ ವಿಮಾನಗಳೂ ಪಶ್ಚಿಮ ಶಾಂತಸಾಗರವನ್ನು ತುಂಬಿದಾಗ ಟೈಫೂನುಗಳ ಭಯ ದೊಡ್ಡದಾಯಿತು. ರ‍್ಯಾಗನಿಗೆ ಎದುರಾಗಿದ್ದ ತೊಡಕೇ ಅಲ್ಲಿನ ಸೇನೆಯ ಹವಾಮಾನ ತಜ್ಞರಿಗೂ ಎದುರಾಯಿತು. ಅವರು ಟೈಫೂನುಗಳನ್ನು ಹೆಂಗಸರ ಹೆಸರುಗಳಿಂದ ಕರೆಯತೊಡಗಿದರು. 1945ರಿಂದ ಅಂಥ ಹೆಸರುಗಳ ಪಟ್ಟಿಯೇ ಸಿದ್ಧವಾಯಿತು. ವಿನಾಶಕ್ಕೆ ಹೆಂಗಸರ ಹೆಸರನ್ನು ಮಾತ್ರ ಅಂಟಿಸುವುದು ನ್ಯಾಯವಲ್ಲವೆಂಬ ಆಕ್ಷೇಪ ಎದ್ದುದರಿಂದ 1979ರಲ್ಲಿ ಗಂಡಸರ ಹೆಸರುಗಳನ್ನೂ ಸೇರಿಸಲಾಯಿತು. ರ‍್ಯಾಗನ ಆಸ್ಟ್ರೇಲಿಯದಲ್ಲಿಯೂ 1964ರಲ್ಲಿ ಹೆಸರಿಡುವ ಪದ್ಧತಿ ಮರಳಿ ಬಂದಿತು.

ಇಂದು ಪಶ್ಚಿಮ ಶಾಂತಸಾಗರದ ಉತ್ತರ ಭಾಗದಲ್ಲಿ ಟೈಫೂನುಗಳ ಮೇಲೆ ಕಣ್ಣಿಡುವ ಅಧಿಕೃತ ಕೇಂದ್ರವು ಜಪಾನಿನ ಟೋಕಿಯೋ ನಗರದಲ್ಲಿದೆ. ಗಾಳಿಯ ವೇಗವನ್ನು ನೋಡಿ ಅವುಗಳನ್ನು ವರ್ಗೀಕರಿಸುತ್ತಾರೆ. ವೇಗವು ಗಂಟೆಗೆ ಸುಮಾರು 62 ಕಿಲೋಮೀಟರಿಗಿಂತ ಕಡಿಮೆಯಿದ್ದರೆ ಅದು ಉಷ್ಣವಲಯದ ವಾಯುಭಾರ ಕುಸಿತ. ಅಲ್ಲಿಂದ 88ರವರೆಗೆ ಉಷ್ಣವಲಯದ ಬಿರುಗಾಳಿ. 89ರಿಂದ 117ರವರೆಗೆ ತೀವ್ರ ಬಿರುಗಾಳಿ. 118 ಕಿಲೋಮೀಟರನ್ನು ಮುಟ್ಟಿದರೆ ಅದು ಟೈಫೂನ್. ಅಮೆರಿಕದ ಸೇನಾ ಕೇಂದ್ರವು ಗಂಟೆಗೆ ಸುಮಾರು 240 ಕಿಲೋಮೀಟರನ್ನು ಮೀರಿದವನ್ನು ಸೂಪರ್ ಟೈಫೂನ್ ಎನ್ನುತ್ತದೆ. ತಂತಿ ಮತ್ತು ವಾಯುಭಾರಮಾಪಕಗಳ ಜೊತೆಗೆ ಈಗ ರಾಡಾರು, ತೇಲುವ ಉಪಕರಣಗಳು, ಉಪಗ್ರಹಗಳು ಬಂದಿವೆ. ಜಪಾನ್ 1977ರಲ್ಲಿ ಹಾರಿಸಿದ ಹಿಮವಾರಿ ಎಂಬ ಉಪಗ್ರಹದ ಪೀಳಿಗೆಯವು ಆಕಾಶದಲ್ಲಿ ನಿಂತು ಮೋಡಗಳ ಚಿತ್ರವನ್ನು ಎಡೆಬಿಡದೆ ಕಳುಹಿಸುತ್ತವೆ. ಮೋಡಗಳ ಸುಳಿಯ ಆಕಾರವನ್ನು ನೋಡಿಯೇ ಗಾಳಿಯ ಬಲವನ್ನು ಅಂದಾಜು ಮಾಡುವ ವಿಧಾನವೂ ರೂಢಿಗೆ ಬಂದಿದೆ. ರ‍್ಯಾಗನು ಬೆಟ್ಟದ ತುದಿಯಿಂದ ನೋಡಬಯಸಿದುದನ್ನು ಇಂದಿನವರು ಆಕಾಶದ ಎತ್ತರದಿಂದ ನೋಡುತ್ತಾರೆ.

ಬಿರುಗಾಳಿಯ ವೇಗವು ಗಂಟೆಗೆ ಸುಮಾರು 62 ಕಿಲೋಮೀಟರನ್ನು ಮುಟ್ಟಿದೊಡನೆ ಟೋಕಿಯೋ ಕೇಂದ್ರವು ಅದಕ್ಕೆ ಹೆಸರಿಡುತ್ತದೆ. 2000ನೆಯ ವರ್ಷದಿಂದ ಈ ಹೆಸರುಗಳನ್ನು ಆ ಭಾಗದ ಹದಿನಾಲ್ಕು ನಾಡುಗಳು ಕೊಡುತ್ತಿವೆ. ಒಂದೊಂದೂ ಹತ್ತು ಹೆಸರುಗಳನ್ನು ಕೊಟ್ಟು ಒಟ್ಟು 140 ಹೆಸರುಗಳ ಪಟ್ಟಿಯಾಗಿದೆ. ಹೆಚ್ಚಿನವು ಹೂವು, ಹಕ್ಕಿ, ಪ್ರಾಣಿ, ನಕ್ಷತ್ರಪುಂಜಗಳ ಹೆಸರುಗಳು. ಪಟ್ಟಿಯ ಮೊದಲ ಹೆಸರಾದ ಡಾಮ್ರಿ ಎಂಬುದಕ್ಕೆ ಕಾಂಬೋಡಿಯದ ಭಾಷೆಯಲ್ಲಿ ಆನೆ ಎಂದು ಅರ್ಥ. ಬಹಳ ಹಾನಿ ಮಾಡಿದ ಟೈಫೂನಿನ ಹೆಸರನ್ನು ಮತ್ತೆ ಬಳಸುವುದಿಲ್ಲ. 2013ನೆಯ ನವೆಂಬರಿನಲ್ಲಿ ಫಿಲಿಪೈನ್ಸ್ ದ್ವೀಪಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಹೈಯಾನ್ ಎಂಬ ಹೆಸರನ್ನು ಹೀಗೆ ಪಟ್ಟಿಯಿಂದ ತೆಗೆದುಹಾಕಲಾಯಿತು. ನಮ್ಮ ಹಿಂದೂ ಮಹಾಸಾಗರದ ಉತ್ತರ ಭಾಗದಲ್ಲಿಯೂ 2004ರಿಂದ ಚಂಡಮಾರುತಗಳಿಗೆ ಹೆಸರಿಡುವ ಕ್ರಮ ಬಂದಿದೆ. ಆ ಹೊಣೆ ಭಾರತದ ಹವಾಮಾನ ಇಲಾಖೆಯದು. 2021ನೆಯ ಮೇ ತಿಂಗಳಿನಲ್ಲಿ ಕರ್ನಾಟಕದ ಕರಾವಳಿಯನ್ನು ಅಲ್ಲೋಲಕಲ್ಲೋಲಗೊಳಿಸಿದ ಚಂಡಮಾರುತಕ್ಕೆ ತೌಕ್ತೆ ಎಂಬ ಹೆಸರಿದ್ದುದು ಈ ಕ್ರಮದಿಂದಲೇ. ಮ್ಯಾನ್ಮಾರ್ ದೇಶ ಸೂಚಿಸಿದ ಆ ಪದಕ್ಕೆ ಹಲ್ಲಿಯ ಜಾತಿಯ ಪ್ರಾಣಿ ಎಂದು ಅರ್ಥ.

ರ‍್ಯಾಗನಿಗೆ ಬದುಕಿನಲ್ಲಿ ಬಯಸಿದ ಪದವಿ ದೊರೆಯಲಿಲ್ಲ. ಅವನು ಕಟ್ಟಿದ ಶಿಖರದ ಕೇಂದ್ರಗಳು ಮುಚ್ಚಿದವು; ತರಿಸಬಯಸಿದ ಮಳೆ ಬರಲಿಲ್ಲ. ಅವನ ಕೆಲಸಗಳಲ್ಲಿ ಹಗುರವೆಂದು ಜನ ನಕ್ಕ ಒಂದೇ ಒಂದು ಕೆಲಸ ಮಾತ್ರ ಲೋಕದಲ್ಲಿ ಉಳಿಯಿತು. ವಿಜ್ಞಾನಿಯು ಕಂಡುಕೊಂಡ ಸತ್ಯವು ಅವನ ಪುಸ್ತಕದಲ್ಲಿ ಇದ್ದರೆ ಸಾಲದು. ಅದು ಕಡಲಿಗೆ ದೋಣಿ ಇಳಿಸುವವನ ಕಿವಿಗೆ ಅವನಿಗೆ ತಿಳಿಯುವ ಮಾತಿನಲ್ಲಿ ಮುಟ್ಟಬೇಕು. ಅದನ್ನು ಅರಿತು ರ‍್ಯಾಗನು ಗಾಳಿಗೆ ಹೆಸರಿಟ್ಟನು. ಇಂದು ಬಿರುಗಾಳಿಯ ಹೆಸರನ್ನು ಕೇಳಿ ಬೆಸ್ತನೊಬ್ಬ ದೋಣಿಯನ್ನು ದಡಕ್ಕೆ ಎಳೆದು ಕಟ್ಟಿದರೆ, ತಗ್ಗಿನ ಮನೆಯವರು ಮಕ್ಕಳನ್ನು ಕರೆದುಕೊಂಡು ಎತ್ತರದ ಜಾಗಕ್ಕೆ ಹೋದರೆ, ಆ ಉಳಿದ ಜೀವಗಳಲ್ಲಿ ಅವನ ಶ್ರಮದ ಪಾಲೂ ಇದೆ.